ಚಹಾದಂಗಡಿಯ ಕರಿಹಲಗೆ ಮತ್ತು ಗಜಬಲ ಚೂರ್ಣ

ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಒಗಟು ಎಂದರೆ ನನಗೆ ಪ್ರಾಣ, ಆದರೆ ಬಿಡಿಸಲು ಬರುವುದಿಲ್ಲ. ತಾಳ ಬಾರದವನು ಭಜನೆ ಮಂಡಳಿಗೆ ಅಧ್ಯಕ್ಷನಾದ ಹಾಗೆ, ಎಂಬತ್ತರ ದಶಕದ ಆರಂಭದಲ್ಲಿ ನಾನು ರಾಯಚೂರಿನ ಒಗಟಿನವರ ಗುಂಪಿಗೆ ಹಿರಿಯನಾಗಿಬಿಟ್ಟಿದ್ದೆ. ಅದಕ್ಕೆ ಕಾರಣ ನನ್ನ ಬುದ್ಧಿಯಲ್ಲ. ನಾನು ಶಾಲಾ ಮಾಸ್ತರ, ಜೇಬಿನಲ್ಲಿ ಸದಾ ಸೀಮೆಸುಣ್ಣ ಇರುತ್ತಿತ್ತು, ಅಷ್ಟೇ.

ಬಸ್ ನಿಲ್ದಾಣದ ಎದುರು ಶರಣಪ್ಪನ ಚಹಾದಂಗಡಿ. ಅದರ ಗೋಡೆಗೆ ಒಂದು ಕರಿಹಲಗೆ, ಹಲಗೆಯ ಮೇಲೆ ವಾರಕ್ಕೊಂದು ಒಗಟು. ಖಾಜಾಸಾಬ್ ಎಂಬ ಕಂಡಕ್ಟರು ಅದನ್ನು ಬಾಯಿಪಾಠ ಮಾಡಿಕೊಂಡು ಬೆಳಿಗ್ಗೆ ದೇವದುರ್ಗಕ್ಕೆ, ಮಧ್ಯಾಹ್ನ ಮಾನ್ವಿಗೆ ಒಯ್ಯುತ್ತಿದ್ದ. ಆ ಊರುಗಳ ಚಹಾದಂಗಡಿಗಳಲ್ಲೂ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಸಂಜೆ ಅವರ ಉತ್ತರಗಳು ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದವು. ಒಬ್ಬರ ಮುಖ ಒಬ್ಬರು ನೋಡದೆ ಮೂರೂರಿನವರು ಗೆಳೆಯರಾಗಿದ್ದೆವು. ಇದಕ್ಕೆ ಚಂದಾ ಇಲ್ಲ, ಸದಸ್ಯತ್ವ ಇಲ್ಲ. ಹಲಗೆಗೆ ದಾರ ಕಟ್ಟಿ ಸೀಮೆಸುಣ್ಣ ನೇತುಹಾಕಿದ್ದೆವು, ಯಾರು ಬೇಕಾದರೂ ಬರೆಯಬಹುದಿತ್ತು.

ಯಾರು ಬೇಕಾದರೂ ಎಂದಮೇಲೆ ಬೇಡವಾದವರೂ ಬರುತ್ತಾರೆ. ಬಂದವನ ಹೆಸರು ನರಸಿಂಹುಲು. ಗಡಿಯಾಚೆಯ ತೆಲುಗು ಸೀಮೆಯವನು, ಊರೂರು ತಿರುಗಿ ಗಜಬಲ ಚೂರ್ಣ ಮಾರುತ್ತಿದ್ದ. ಒಂದು ಮುಂಜಾನೆ ನೋಡಿದರೆ ನಮ್ಮ ಒಗಟು ಮಾಯ. ಅದರ ಜಾಗದಲ್ಲಿ ಸೊಂಟನೋವು, ಹುಳಿತೇಗು, ನಿಶ್ಶಕ್ತಿ, ಕೊನೆಗೆ ಚೂರ್ಣ. ನಾನು ಒರೆಸಿದೆ. ಮರುದಿನ ಮತ್ತೆ ಬಂತು. ಆಮೇಲೆ ಆಸಾಮಿ ಜಾಣನಾದ, ಒಗಟಿನ ವೇಷದಲ್ಲೇ ಬರೆಯತೊಡಗಿದ: "ಮುದುಕನನ್ನು ಓಡಿಸುವುದು, ಕಲ್ಲನ್ನು ಕರಗಿಸುವುದು, ಏನದು?" ಕೆಳಗೆ ಉತ್ತರವನ್ನೂ ಅವನೇ ದಪ್ಪಕ್ಷರದಲ್ಲಿ ಬರೆದಿದ್ದ. ಪಾಪ ಖಾಜಾಸಾಬ್ ಅದನ್ನೂ ನಿಷ್ಠೆಯಿಂದ ದೇವದುರ್ಗಕ್ಕೆ ಮುಟ್ಟಿಸಿ ಬಂದ. "ನಿಮ್ಮ ಮಾಸ್ತರ ಅಜೀರ್ಣದಿಂದ ನರಳಾಕತ್ತಾರೇನು?" ಎಂದು ಅಲ್ಲಿಂದ ಪ್ರಶ್ನೆ ಬಂತು.

ಶರಣಪ್ಪ ದಿನಾ ವಿಭೂತಿ ಧರಿಸುವ ಶಾಂತ ಮನುಷ್ಯ. ಅವನಿಗೂ ಸಿಟ್ಟು ಬಂತು. "ಮಾಸ್ತರ, ಇದು ಒಗಟಿನ ಹಲಗಿ ಏನು, ದವಾಖಾನಿ ಗ್ವಾಡಿ ಏನು? ಗಿರಾಕಿಗಳು ನಗಾಕತ್ಯಾರ. ಈ ವಾರ ಸರಿ ಹೋದ್ರ ಸರಿ, ಇಲ್ಲಾಂದ್ರ ಕಿತ್ತಿ ಒಲಿಗಿ ಹಾಕ್ತೀನಿ ನೋಡ್ರಿ" ಎಂದ.

ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇರಲಿಲ್ಲ, ಶಾಲೆಯಲ್ಲಿ ನನ್ನ ಗಣಿತಕ್ಕೆ ಬೆಲೆ ಇರಲಿಲ್ಲ. ನನ್ನನ್ನು ಯಾರಾದರೂ ಕಾಯುತ್ತಿದ್ದರೆ ಅದು ಆ ಹಲಗೆಯ ಮುಂದೆ. ಹಲಗೆ ಹೋದರೆ ಮೂರೂರಿನ ಗೆಳೆತನವೂ ಹೋದಂತೆಯೇ.

ಸೀಮೆಸುಣ್ಣ ತೆಗೆದುಬಿಡೋಣ, ನಾವಷ್ಟೇ ಬರೆಯೋಣ ಎಂದರು ಕೆಲವರು. ನನಗದು ಒಪ್ಪಲಿಲ್ಲ. ರಾಯಚೂರಿನವನಿಗೆ ಕೋಟೆಯ ವಿಷಯ ಯಾರೂ ಕಲಿಸಬೇಕಿಲ್ಲ. ಎರಡು ನದಿಗಳ ನಡುವಿನ ಈ ಸೀಮೆಗಾಗಿ ಎಷ್ಟು ರಾಜರು ಬಡಿದಾಡಿದರೋ! ಅವರಲ್ಲಿ ಒಬ್ಬನಾದರೂ ದರವಾಜಾ ಇಲ್ಲದ ಕೋಟೆ ಕಟ್ಟಿದನೇ? ಬಾಗಿಲಿಲ್ಲದ ಕೋಟೆಗೆ ಗೋರಿ ಅನ್ನುತ್ತಾರೆ. ಈ ಭಾಷಣವನ್ನು ನಾನು ಚಹಾ ಆರುವವರೆಗೂ ಮಾಡಿದೆ. ಉಪಾಯ ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ಖಾಜಾಸಾಬನಿಗೆ. "ಟಿಕೀಟು ಇಲ್ದ ಬಸ್ ಹತ್ತಸ್ತೀವೇನ್ರೀ? ಇಲ್ಲೀನೂ ಟಿಕೀಟು ಇಡ್ರಿ. ಹಲಗಿ ಮ್ಯಾಲಿನ ಒಗಟು ಬಿಡಿಸಿದಾವಗ ಮಾತ್ರ ಸುಣ್ಣದ ಕಡ್ಡಿ ಕೊಡ್ರಿ" ಎಂದ.

ಭೇಷ್! ಅಂದಿನಿಂದ ಅದೇ ಕಾನೂನು. ಒಗಟು ಬರೆದವನ ಕಿವಿಯಲ್ಲಿ ಸರಿಯುತ್ತರ ಹೇಳಬೇಕು, ಸೀಮೆಸುಣ್ಣ ಪಡೆಯಬೇಕು. ಈಗ ಕಂಪ್ಯೂಟರು ಒಳಗೆ ಬಿಡುವ ಮೊದಲು ಸೊಟ್ಟ ಅಕ್ಷರ ತೋರಿಸಿ "ನೀನು ಮನುಷ್ಯನೇನು?" ಎಂದು ಕೇಳುತ್ತದಂತೆ. ನಮ್ಮ ಮೊಮ್ಮಕ್ಕಳು ಅದನ್ನು ದೊಡ್ಡ ಆವಿಷ್ಕಾರ ಎನ್ನುತ್ತಾರೆ. ನಾನು ಮೀಸೆಯಲ್ಲೇ ನಗುತ್ತೇನೆ.

ನರಸಿಂಹುಲು ಸೋಲುವ ಜಾತಿಯಲ್ಲ. ದಿನಾ ಬಂದು ಬೆಂಚಿನ ಮೇಲೆ ಕೂತ. ಮೊದಮೊದಲು ಯಾವ ಒಗಟಿಗೂ ಅವನದು ಒಂದೇ ಉತ್ತರ, ಗಜಬಲ ಚೂರ್ಣ. ಅಂಗಡಿ ನಕ್ಕಿತು. ಬರಬರುತ್ತಾ ಅವನ ಮುಖ ಗಂಭೀರವಾಯಿತು. ಚೂರ್ಣದ ಚೀಲ ಬೆಂಚಿನ ಕೆಳಗೇ ಉಳಿಯತೊಡಗಿತು. ಹಲಗೆ ದಿಟ್ಟಿಸುತ್ತಾ ಅವನು ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ಕೊನೆಗೊಂದು ವಾರ ನಾನೇ ಬರೆದೆ: "ಉಂಡರೆ ನಿಂತಾನು, ಹಸಿದರೆ ಬಿದ್ದಾನು." ನರಸಿಂಹುಲು ಎದ್ದು ಬಂದು ನನ್ನ ಕಿವಿಗೆ ಬಾಯಿಟ್ಟು, "ಗೋಣಿಚೀಲ" ಎಂದ.

ಸರಿಯುತ್ತರ! ಕಾನೂನು ಕಾನೂನೇ. ಸೀಮೆಸುಣ್ಣವನ್ನು ಅವನ ಕೈಗಿಟ್ಟೆ. ಶರಣಪ್ಪ ಒಲೆಯ ಕಡೆಗೊಮ್ಮೆ, ಹಲಗೆಯ ಕಡೆಗೊಮ್ಮೆ ನೋಡಿದ. ನರಸಿಂಹುಲು ಹಲಗೆ ಒರೆಸಿ, ನಿಧಾನವಾಗಿ ಬರೆದ:

"ಊರೂರು ತಿರುಗತಾನ, ನೆಲಕ್ಕ ಕಾಲು ಊರಂಗಿಲ್ಲ. ಅಣ್ಣನ ಉಸಿರು ಹೋದಾಗಷ್ಟ ಕೆಳಗಿಳೀತಾನ."

ಚೂರ್ಣದ ಸುದ್ದಿಯೇ ಇಲ್ಲ. ಶರಣಪ್ಪನಿಗೆ ತಡೆಯಲಾಗಲಿಲ್ಲ. "ಯಾಕಪ್ಪಾ, ನಿನ್ನ ಪುಡಿ ಏನಾತು?"

"ಪುಡಿ ಸುದ್ದಿ ಬರದ್ರ ಯಾರೂ ನಿಂತು ಓದಂಗಿಲ್ಲಂಡಿ" ಎಂದ ನರಸಿಂಹುಲು, ನಾಚಿಕೊಂಡು. "ಇದನ್ನ ಮೂರೂರು ನಿಂತು ಓದ್ತಾವ."

ನಿಂತು ಓದಿದವು. ಓದಿ ಕಂಗಾಲಾದವು. ಮೋಡ ಎಂದಿತು ದೇವದುರ್ಗ. ಜೀಪಿನ ಮಂತ್ರಿ ಎಂದಿತು ಮಾನ್ವಿ. ನಾನು ಪಲ್ಲಕ್ಕಿಯೊಳಗಿನ ದೇವರು ಎಂದು ಪಾಂಡಿತ್ಯ ಮೆರೆದೆ. ಎಲ್ಲದಕ್ಕೂ ನರಸಿಂಹುಲು ತಲೆಯಲ್ಲಾಡಿಸಿದ. ಒಂದು ವಾರ ಕಳೆದು ಎರಡನೆಯದಕ್ಕೆ ಬಿದ್ದರೂ ಒಗಟು ಜಗ್ಗಲಿಲ್ಲ.

ಆ ವಾರ ಮಾನ್ವಿಗೆ ಹೊರಟ ಬಸ್ಸು ಕಲ್ಲೂರಿನ ಹತ್ತಿರ ಢಂ ಎಂದು ಕೂತಿತು. ಉರಿಬಿಸಿಲು. ಜನ ಗೊಣಗುತ್ತಾ ಇಳಿದರು. ಡ್ರೈವರು ಬಸ್ಸಿನ ಹೊಟ್ಟೆಯಡಿ ನುಸುಳಿ ಸ್ಟೆಪ್ನಿ ಬಿಚ್ಚಿದ. ಅದು ಧೊಪ್ಪೆಂದು ನೆಲಕ್ಕಿಳಿಯಿತು. ಪಕ್ಕದಲ್ಲೇ ಗಾಳಿ ಹೋದ ಗಾಲಿ. ನೋಡುತ್ತಾ ನಿಂತಿದ್ದ ಖಾಜಾಸಾಬ್, "ಅರೇ ಸಿಕ್ಕಿತು! ಈ ಗಾಲಿ ತಮ್ಮ ನೋಡ್ರಿ ಆ ಸ್ಟೆಪ್ನಿ! ಅವನ್ನ ಹೊತ್ಕೊಂಡ ನಾ ದಿನಾ ಒಗಟು ಹಂಚಿದ್ನಲ್ರೀ!" ಎಂದು ರಸ್ತೆಯ ನಡುವೆಯೇ ಕುಣಿದನಂತೆ. ಒಗಟು ಗೊತ್ತಿದ್ದ ಪ್ರಯಾಣಿಕರೆಲ್ಲ ಚಪ್ಪಾಳೆ ತಟ್ಟಿದರಂತೆ. ಪಂಕ್ಚರಿಗೆ ಚಪ್ಪಾಳೆ ಬಿದ್ದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಉತ್ತರ ಸಿಕ್ಕ ಸುದ್ದಿ ಹೊತ್ತು ಸಂಜೆ ಬಸ್ಸು ರಾಯಚೂರಿಗೆ ಮರಳಿದಾಗ ಅಂಗಡಿಗೆ ಅಂಗಡಿಯೇ ಎದ್ದು ನಿಂತಿತು. ಹಲಗೆ ಉಳಿದಿತ್ತು, ಮೂರೂರು ಉಳಿದಿದ್ದವು, ನಾವು ಗೆದ್ದಿದ್ದೆವು. ಖುಷಿಗೆ ನನ್ನ ಕಣ್ಣು ತುಂಬಿ ಬಂತು. ಧೂಳು ಮೆತ್ತಿದ ಖಾಜಾಸಾಬ್ ಗೆದ್ದ ಸುಲ್ತಾನನ ಗತ್ತಿನಲ್ಲಿ ಒಳಗೆ ಬಂದವನೇ ನೇರ ಸೀಮೆಸುಣ್ಣಕ್ಕೆ ಕೈ ಹಾಕಿದ.

ನರಸಿಂಹುಲು ಹಲಗೆಗೆ ಅಡ್ಡ ನಿಂತ. "ಆಗಂಗಿಲ್ರೀ ಸಾಬ್" ಎಂದು ಕಿವಿ ಮುಂದೊಡ್ಡಿದ. "ಯಾರ್‍ಯಾರೋ ಬಂದು ಏನೇನೋ ಬರದು ಹೋಗ್ತಾರ. ಮೊದಲು ಉತ್ತರ ಹೇಳ್ರಿ."