ಕಲಾಯಿ ಕಾಕಾನ ಬಿಲ್ಲೆಗಳು

ಹಜರತಅಲಿ ಕಾಕಾನಿಗೆ ನಾನು ಸುಮಾರು ಆರು ತಿಂಗಳು ಸೆಲ್ಯೂಟ್ ಹೊಡೆದಿದ್ದೇನೆ. ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಊರಿಗೆಲ್ಲ ಗೊತ್ತಿರುವುದನ್ನು ನಾನೊಬ್ಬ ಮುಚ್ಚಿಟ್ಟು ಏನು ಉಪಯೋಗ?

ಎಂಬತ್ತೈದರ ಬೇಸಿಗೆಯಲ್ಲಿ ಯಮನೂರಿನಿಂದ ಒಬ್ಬ ಕಲಾಯಿಗಾರ ಸೈಕಲ್ ಮೇಲೆ ನಮ್ಮೂರಿಗೆ ಬಂದು, ಹೈಸ್ಕೂಲಿನ ಎದುರಿನ ಬೇವಿನ ಮರದಡಿ ತಿದಿ ಹೂಡಿದ. ಸೆಕೆಗೆ ಜಾಕೀಟು ಬಿಚ್ಚಿ ಕೊಂಬೆಗೆ ತೂಗುಹಾಕಿದ. ಗಾಳಿ ಬೀಸಿ ಅದರ ಒಳಮೈ ತೆರೆದುಕೊಂಡಿತು ನೋಡಿ, ಅಲ್ಲಿ ಮೂರು ಸಾಲು ಹಿತ್ತಾಳೆಯ ಮಿಲಿಟರಿ ಬಿಲ್ಲೆಗಳು! ಕಿರೀಟ, ಕಹಳೆ, ಕತ್ತಿ, ಎಲೆಬಳ್ಳಿ. ನಾನು ಇತಿಹಾಸದ ಮಾಸ್ತರ. ಇತಿಹಾಸವೇ ಬಂದು ಬೇವಿನ ಮರಕ್ಕೆ ಜೋತಾಡುತ್ತಿರುವಾಗ ಸುಮ್ಮನಿರುವುದು ಹೇಗೆ? ಇಷ್ಟು ಯುದ್ಧ ಮಾಡಿದ ವೀರ, ಒಂದನ್ನೂ ಎದೆಯ ಮೇಲೆ ತೋರಿಸದೆ ಒಳಗೆ ಚುಚ್ಚಿಕೊಂಡು, ಊರೂರು ತಿರುಗಿ ಪಾತ್ರೆಗೆ ತವರ ಬಳಿಯುತ್ತಿದ್ದಾನೆ, ಎಂಥ ವಿನಯ ಎಂದುಕೊಂಡು, ರಸ್ತೆಯ ಈಚೆಯಿಂದಲೇ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದೆ. ಆತ ಇಕ್ಕಳ ಹಿಡಿದ ಕೈಯನ್ನೇ ಹಣೆಗೆತ್ತಿದ. ನನ್ನ ಅನುಮಾನ ಪೂರ್ತಿ ಪರಿಹಾರವಾಯಿತು.

ಕೊನೆಗೊಂದು ದಿನ ‘ರಣರಂಗದ ಅನುಭವಗಳು’ ಎಂದು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಸಿ, ಮಕ್ಕಳ ಮುಂದೆ ಕಾಕಾನನ್ನು ತಂದು ನಿಲ್ಲಿಸಿದೆ. ಆತ ಬೋರ್ಡು ಓದಿದ, ನನ್ನನ್ನು ನೋಡಿದ, ಮಕ್ಕಳ ಕಡೆ ತಿರುಗಿದ.

“ನಾ ಯಾವ ಯುದ್ಧಕ್ಕೂ ಹೋಗಿಲ್ಲ. ಈ ಬಿಲ್ಲಿ ಮೋಡಕಾ ಹಿತ್ತಾಳಿಯೊಳಗ ಸಿಕ್ಕಾವು, ಕೂಡಿಸೇನಿ. ಮನ್ಯಾಗ ಕಲಾಯಿ ಹೋದ ಪಾತ್ರಿ ಇದ್ರ ತಗೊಂಡ ಬರ್ರಿ.”

ಇಷ್ಟು ಹೇಳಿ ಕುಳಿತ. ಆ ವರ್ಷ ನಮ್ಮ ಶಾಲೆಯಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಈ ಭಾಷಣಕ್ಕೆ.

“ಮತ್ತ ದಿನಾ ನನಗ ತಿರುಗಿ ಸೆಲ್ಯೂಟ್ ಯಾಕ್ ಹೊಡೀತಿದ್ರಿ ಕಾಕಾ?” ಎಂದು ಆಮೇಲೆ ಕೇಳಿದೆ.

“ನೀವ ಹೊಡದ್ರಿ. ಮಾಸ್ತರ ಮಂದಿ, ಹೊಳ್ಳಿ ಹೊಡೀಲಿಲ್ಲಂದ್ರ ಚೊಲೋ ಕಾಣೂದಿಲ್ಲ ಅಂತ ಹೊಡದೆ.”

ಅಲ್ಲಿಂದ ನಮ್ಮ ಸ್ನೇಹ ಸುರುವಾಯಿತು. ಮನೆಮನೆಗೆ ಸ್ಟೀಲ್ ಪಾತ್ರೆ ಬಂದು ಕಲಾಯಿ ಕೆಲಸ ಸೊರಗುತ್ತಿದ್ದ ಕಾಲ ಅದು. ಜನ ಅಜ್ಜಂದಿರ ಕಾಲದ ಹಿತ್ತಾಳೆಯನ್ನು ಚೀಲಗಟ್ಟಲೆ ಮೋಡಕಾ ಎನ್ನುವ ಗುಜರಿಗೆ ಹಾಕುತ್ತಿದ್ದರು. ಒಡೆದ ತಂಬಿಗೆ, ಸೊಟ್ಟ ಸೌಟುಗಳ ನಡುವೆ, ಯುದ್ಧಕಾಲದಲ್ಲಿ ತಾವಾಗಿ ಹೆಸರು ಬರೆಸಿ ಹೋದವರ ಟೊಪ್ಪಿಗೆಯ ಬಿಲ್ಲೆಗಳೂ ಬರುತ್ತಿದ್ದವು. ಕಾಕಾ ಅವನ್ನು ಕರಗಿಸಲು ಬಿಡದೆ, ಗುಜರಿಯವರಿಗೆ ಅಷ್ಟೇ ತೂಕದ ಬೇರೆ ಹಿತ್ತಾಳೆ ಕೊಟ್ಟು ಎತ್ತಿಟ್ಟುಕೊಳ್ಳುತ್ತಿದ್ದ. ಪುಣೆಯ ಕಡೆಯಿಂದ ನಕಲಿ ಬಿಲ್ಲೆ ಬರತೊಡಗಿದ ಮೇಲಂತೂ ಹುಬ್ಬಳ್ಳಿಯ ಹಳೆ ಸಾಮಾನಿನ ವ್ಯಾಪಾರಿಗಳೂ ಇವನ ಬೇವಿನ ಮರ ಹುಡುಕಿಕೊಂಡು ಬರುತ್ತಿದ್ದರು.

ಅವನ ಪರೀಕ್ಷೆಗೆ ಬೇಕಾದದ್ದು ಭಿಂಗ ಎಂದು ಅವನು ಕರೆಯುವ ಒಂದು ಭೂತಗನ್ನಡಿ, ಒಂದು ಹೆಬ್ಬೆರಳು. ಬಿಲ್ಲೆಯನ್ನು ಮೊದಲು ಬೆನ್ನು ಮೇಲೆ ಮಾಡಿ ನೋಡುತ್ತಿದ್ದ. “ಸಿಪಾಯಿ ದಿನಾ ಮುಂಜಾನಿ ಮಾರಿ ಅಷ್ಟ ತಿಕ್ಕತಾನ್ರಿ ಮಾಸ್ತರ, ಬೆನ್ನು ಯಾರು ತಿಕ್ಕತಾರ? ಅಸಲಿದ್ರ ಮಾರಿ ಸವದಿರತೈತಿ, ಬೆನ್ನಾಗ ಕಿಲುಬು ಇರತೈತಿ. ಕಳ್ಳ ಮಾಡಿದ್ರ ಮಾರಿಗೆ ಉಪ್ಪು, ಹುಣಸಿಹಣ್ಣು ಹಚ್ಚಿ ಮುದುಕ ಮಾಡತಾನ, ಬೆನ್ನು ಮರೀತಾನ.”

ಅವನ ಹೆಂಡತಿ ರೇಷ್ಮಾಬಿಗೆ ಈ ವಿದ್ಯೆಯ ಮೇಲೆ ಅಂಥ ಗೌರವವೇನಿರಲಿಲ್ಲ. ಯಮನೂರಿನ ಮನೆಗೆ ಹೋದಾಗ ಚಹಾ ಕೊಡುತ್ತ ನನಗೆ ದೂರು ಹೇಳಿದಳು. “ಒಂದೊಂದು ಬಿಲ್ಲಿ ತಾಸಗಟ್ಲೆ ಭಿಂಗ ಹಿಡದ ನೋಡತಾರ್ರಿ. ನನ್ನ ಮಾರಿ ಒಂದ ದಿನಾ ಹಂಗ ನೋಡ್ಯಾರೇನ ಕೇಳ್ರಿ.”

“ನೀ ಅಸಲಿ ಅಂತ ಮದವಿ ದಿವಸನ ಗೊತ್ತಾಗೇತಲ್ಲ, ಮತ್ತೇನ ನೋಡೂದು?” ಎಂದ ಕಾಕಾ, ತಲೆ ಎತ್ತದೆ.

ಮುಂದಿನ ವರ್ಷ ನಮ್ಮ ಹೈಸ್ಕೂಲಿಗೆ ಇಪ್ಪತ್ತೈದು ತುಂಬಿತು. ಊರಿನಿಂದ ಯುದ್ಧಕ್ಕೆ ಹೋಗಿಬಂದವರನ್ನು, ಇಲ್ಲದಿದ್ದರೆ ಅವರ ಮನೆಯವರನ್ನು, ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಬೇಕೆಂದು ನಾನೇ ಸಲಹೆ ಕೊಟ್ಟೆ. ನನ್ನ ಸಲಹೆಗಳಿಂದ ಊರಿಗೆ ಒಳ್ಳೆಯದಾದ ಉದಾಹರಣೆ ಕಡಿಮೆ. ಶಾಲಾ ಸಮಿತಿಯ ಚೇರಮನ್ ಶಿದ್ಲಿಂಗಪ್ಪನವರು ಮರುದಿನವೇ ರೇಶಿಮೆ ಕರವಸ್ತ್ರದಲ್ಲಿ ಸುತ್ತಿದ ಒಂದು ಬಿಲ್ಲೆಯನ್ನು ಬೇವಿನ ಮರದಡಿಗೆ ತಂದರು. ಅವರ ಅಜ್ಜ ಮೊದಲನೆ ಮಹಾಯುದ್ಧದಲ್ಲಿ ಎದೆಗೆ ಧರಿಸಿದ್ದಂತೆ. ಕಾಕಾ ಅದನ್ನು ಹೊರಳಿಸಿ ನೋಡಿ ವಾಪಸು ಕೊಟ್ಟ.

“ಅಸಲಿ ಐತ್ರಿ ಸಾಹೇಬ್ರ. ಟೇಶನ್ ಹಮಾಲರದು.”

ಚೇರಮನ್ನರ ಮುಖ ಇಳಿಯಿತು, ದನಿ ಏರಿತು. “ಹಂಗಾದ್ರ ಆ ತಿರಕಪ್ಪಂದೂ ನೋಡ್ರಿ! ಊರಾಗ ಎಲ್ಲಾರಿಗೂ ಒಂದ ಕಾಯ್ದೆ. ಅಂವಾ ಯುದ್ಧಕ್ಕ ಹೋಗಿದ್ನೋ, ಮುಂಬೈದಾಗ ಗಿರಣಿಯೊಳಗಿದ್ನೋ, ಕಂಡಾವ್ರು ಯಾರು?”

ತಿರಕಪ್ಪನಿಗೆ ಆಗ ಎಪ್ಪತ್ತರ ಹತ್ತಿರ. ಎರಡನೆ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಕಡೆ, ಗಾಯಗೊಂಡವರನ್ನು ಹೊರುವ ವಾಲಂಟಿಯರ್ ದಳದಲ್ಲಿದ್ದೆ ಎನ್ನುತ್ತಿದ್ದ. ಯಾರಾದರೂ ಯುದ್ಧದ ಕಥೆ ಕೇಳಿದರೆ “ಹೊತ್ತೆ” ಎನ್ನುವುದು, ಬಹಳ ಕೇಳಿದರೆ “ಭಾಳ ಮಂದಿನ್ನ ಹೊತ್ತೆ” ಎನ್ನುವುದು. ಕಾಗದಪತ್ರ ಯಾವುದೋ ಮಳೆಗಾಲದಲ್ಲಿ ಗೋಡೆ ಬಿದ್ದಾಗ ಹೋಗಿದ್ದವು. ಉಳಿದ ಪುರಾವೆ ಅಂಗಿಯ ಮೇಲೆ ಸದಾ ಹೊಳೆಯುತ್ತಿದ್ದ ಒಂದೇ ಒಂದು ಬಿಲ್ಲೆ. ಅದು ಸುಳ್ಳಾದರೆ ಹೋಗುವುದು ಒಂದು ಶಾಲಲ್ಲ, ಅವನ ನಾಲ್ಕು ವರ್ಷ. ಆ ನಾಲ್ಕು ವರ್ಷ ದಾರಿ ಕಾದ ಹೆಂಡತಿ ಮೈಲಾರವ್ವನದೂ.

ಶಾಲೆಯ ಪಡಸಾಲೆಯಲ್ಲಿ ಅರ್ಧ ಊರು ಸೇರಿತು. ತಿರಕಪ್ಪ ಬಿಲ್ಲೆ ಬಿಚ್ಚಿ ಕೊಡಲು ಬಹಳ ಹೊತ್ತು ತೆಗೆದುಕೊಂಡ. ವಯಸ್ಸಿನ ನಿಧಾನ ಎಂದು ನಾನು ತಿಳಿದೆ. ಕಾಕಾ ಬೆನ್ನು ನೋಡಿದ: ದಟ್ಟ ಕಿಲುಬು. ಮುಖ ನೋಡಿದ: ಎಲೆಬಳ್ಳಿ ಅಳಿಸುವಷ್ಟು ಸವೆದಿತ್ತು. ನಾನು ಗೆದ್ದವನಂತೆ ಚೇರಮನ್ನರ ಕಡೆ ನೋಡಿದೆ. ಕಾಕಾ ಮಾತ್ರ ಭಿಂಗ ಕೆಳಗಿಡಲಿಲ್ಲ. ಅಂಚನ್ನು ಹೆಬ್ಬೆರಳಿನಿಂದ ಸುತ್ತ ಸವರಿದ, ಇನ್ನೊಮ್ಮೆ ಸವರಿದ.

“ಇದು ಅಚ್ಚಿನಾಗ ಒತ್ತಿದ್ದಲ್ಲ. ಉಸುಕಿನ ಎರಕಾ. ನಕಲಿ.”

ಚೇರಮನ್ನರು ಎದ್ದೇಬಿಟ್ಟರು. “ನಾ ಏನ ಹೇಳಿದ್ದೆ!”

“ಕುಂದರ್ರಿ ಸಾಹೇಬ್ರ, ಬಿಲ್ಲಿದಷ್ಟ ಹೇಳೇನಿ. ತಿರಕಪ್ಪಣ್ಣ, ಖರೇದು ಎಲ್ಲಿ ಹೋತು?”

ತಿರಕಪ್ಪ ನೆಲ ನೋಡುತ್ತ ಹೇಳಿದ. “ಹೊಳ್ಳಿ ಬರೂ ಮುಂದ ರೈಲಿನ್ಯಾಗ ಕಳೀತು. ಬರೇ ಕೈಲೆ ಊರಿಗೆ ಹೆಂಗ ಬರಲಿ? ಮುಂಬೈದಾಗ ದಳದ ಗೆಣೆಕಾರ ಒಬ್ಬಾಂವನ ಬಿಲ್ಲಿ ಉಸುಕಿನ್ಯಾಗ ಒತ್ತಿ ಎರಸಿದೆ.”

“ಏನ!” ಎಂದಳು ಮೈಲಾರವ್ವ. “ನಲವತ್ತು ವರ್ಷಾ ನನ್ನ ಮುಂದೂ ಹೇಳಲಿಲ್ಲಲ್ಲ! ಅದನ್ನ ತಿಕ್ಕಿ ತಿಕ್ಕಿ ಎಷ್ಟ ಹುಣಸಿಹಣ್ಣು ಹಾಳ ಮಾಡ್ದಿ!”

ಜನ ನಕ್ಕರು. ಕಾಕಾ ನಗಲಿಲ್ಲ. “ಬಿಲ್ಲಿ ಯಾವುದಕ್ಕ ಹಚ್ಚತಿದ್ರಿ?”

“ಟೊಪ್ಪಿಗಿಗೆ.”

“ಟೊಪ್ಪಿಗಿ ಐತೇನು?”

“ಐತಿ. ಅದರಾಗ ಇಕಿ ಹೀರಿಕಾಯಿ ಬೀಜಾ ಇಟ್ಟಾಳ.”

ಮೈಲಾರವ್ವ ಮನೆಗೆ ಹೋಗಿ, ಬೀಜವನ್ನು ಸೆರಗಿಗೆ ಸುರಿದುಕೊಂಡು, ಖಾಕಿ ಟೊಪ್ಪಿಗೆ ತಂದಳು. ಬಿಸಿಲಿಗೆ ಪೂರ್ತಿ ಬಿಳಿಚಿತ್ತು. ಆದರೆ ಎಡಗಡೆ ಎರಡು ತೂತು, ತೂತಿನ ಸುತ್ತ ಹಸಿರು ಕಿಲುಬು, ಅದರ ಸುತ್ತ ಅಂಗೈ ನಡುವಿನಷ್ಟು ಜಾಗ ಮಾತ್ರ ಹೊಸ ಬಟ್ಟೆಯಂತೆ ಗಾಢ ಖಾಕಿ. ಬಿಸಿಲು ಮುಟ್ಟದ ಆ ಜಾಗಕ್ಕೆ ಬಿಲ್ಲೆಯದೇ ಆಕಾರವಿತ್ತು: ಮೇಲೆ ಕಿರೀಟ, ಕೆಳಗೆ ಎಲೆಬಳ್ಳಿ.

ಕಾಕಾ ತಿರಕಪ್ಪನ ಬಿಲ್ಲೆಯನ್ನು ಅದರ ಮೇಲಿಟ್ಟ. ಸುತ್ತಲೂ ಉಗುರಿನ ದಪ್ಪದಷ್ಟು ಗಾಢ ಬಣ್ಣ ಹೊರಗುಳಿಯಿತು. “ಎರಕದ್ದು ಆರೂ ಮುಂದ ಕುಗ್ಗತೈತ್ರಿ.” ಆಮೇಲೆ ತನ್ನ ಜಾಕೀಟಿನ ಒಳಗಿಂದ ಅದೇ ದಳದ ಒಂದು ಬಿಲ್ಲೆ ಬಿಚ್ಚಿ ಇಟ್ಟ. ಗಾಢ ಬಣ್ಣ ಪೂರ್ತಿ ಮುಚ್ಚಿತು. ಹಿಂದಿನ ಎರಡು ಕೊಂಡಿ ಎರಡು ತೂತಿನಲ್ಲಿ ತಾವಾಗಿ ಇಳಿದವು.

“ಖರೇ ಬಿಲ್ಲಿ ಈ ಟೊಪ್ಪಿಗಿ ಮ್ಯಾಲೆ ವರ್ಷಾನುಗಟ್ಲೆ ಬಿಸಲಾಗ ಇತ್ತು,” ಎಂದ.

ಚೇರಮನ್ನರು ಇನ್ನೂ ಸೋಲಲಿಲ್ಲ. “ಟೊಪ್ಪಿಗಿ ಯಾರದರ ಇರಬಹುದಲ್ಲ?”

“ಹಾಕ್ಕೊಂಡ ನೋಡ್ರಿ,” ಎಂದಳು ಮೈಲಾರವ್ವ.

ಹಾಕಿಕೊಂಡರು. ಟೊಪ್ಪಿಗೆ ಹುಬ್ಬು ದಾಟಿ, ಮೂಗು ದಾಟಿ ಮೀಸೆಯ ಮೇಲೆ ನಿಂತಿತು. ತಿರಕಪ್ಪನ ತಲೆ ಊರಿಗೇ ದೊಡ್ಡದು. ದಳದ ದರ್ಜಿ ಹಿಂದೆ ಸೀಳಿ, ಬೇರೆ ಬಟ್ಟೆಯ ತೇಪೆ ಕೂಡಿಸಿ ಹಿಗ್ಗಿಸಿದ್ದು ಎಲ್ಲರಿಗೂ ಕಾಣುತ್ತಿತ್ತು. ಮೈಲಾರವ್ವ ಅದನ್ನು ಕಿತ್ತು ಗಂಡನ ತಲೆಗಿಟ್ಟಳು. ಅಳತೆ ಕೊಟ್ಟು ಹೊಲಿಸಿದಂತೆ ಕುಳಿತಿತು.

“ಬಿಲ್ಲಿ ನಕಲಿ, ಮನಷ್ಯಾ ಅಸಲಿ. ಬರಕೋರಿ ಮಾಸ್ತರ,” ಎಂದ ಕಾಕಾ. ನಾನು ಬರೆದುಕೊಂಡೆ. ಚೇರಮನ್ನರು ತೀರ್ಪಿಗೆ ಒತ್ತಲೆಂದು ಕಚೇರಿಯ ಶಿಕ್ಕಾ ತಂದಿದ್ದರು. ಬೇರೆ ದಾರಿ ಕಾಣದೆ ಈ ಬರಹದ ಕೆಳಗೇ ಒತ್ತಿದರು.

ತಿರಕಪ್ಪ ಕಾಕಾನ ಬಿಲ್ಲೆಯನ್ನು ಟೊಪ್ಪಿಗೆಯಿಂದ ಬಿಚ್ಚಿ, ಹೆಬ್ಬೆರಳಿನಿಂದ ಒಂದು ಸಲ ತಿಕ್ಕಿ, ವಾಪಸು ಕೊಟ್ಟ. ಕಾಕಾ ಅದನ್ನು ಜಾಕೀಟಿನ ಅದೇ ಜಾಗಕ್ಕೆ ಚುಚ್ಚಿಕೊಂಡ.

ಸಮಾರಂಭದ ದಿನ ತಿರಕಪ್ಪ ಮುಂದಿನ ಸಾಲಿನಲ್ಲಿ ಬರೀ ಟೊಪ್ಪಿಗೆ ಹಾಕಿ ಕುಳಿತ. ಶಾಲು ಹೊದಿಸುವಾಗ ಬಿಲ್ಲೆಯಿಲ್ಲದ ಆ ಎರಡು ತೂತೇ ನನ್ನ ಕಣ್ಣಿಗೆ ಬಿದ್ದವು. ಕಾರ್ಯಕ್ರಮ ಮುಗಿದ ಮೇಲೆ ಬೇವಿನ ಮರದಡಿ ಕಾಕಾನನ್ನು ಹಿಡಿದೆ. ಅಂದು ನನ್ನೊಳಗೆ ಇತಿಹಾಸಕ್ಕಿಂತ ನಾಟಕವೇ ಜಾಸ್ತಿ ತುಂಬಿತ್ತು.

“ಕಾಕಾ, ಅಷ್ಟ ಬರೋಬರಿ ಕುಂತಿತ್ತಲ್ಲ, ನಿಮ್ಮ ಬಿಲ್ಲಿನ್ನ ಅವರಿಗೆ ಕೊಟ್ಟಬಿಟ್ಟಿದ್ರ ಏನಾಗತಿತ್ತು?”

ಕಾಕಾ ತಿದಿ ಒತ್ತುವುದನ್ನು ನಿಲ್ಲಿಸಿ, ಬೋರ್ಡು ಓದಿದ ದಿನ ನೋಡಿದ ಹಾಗೆ ನನ್ನನ್ನು ನೋಡಿದ.

“ಅದು ಅವರದಲ್ಲಲ್ರೀ.”