ನ್ಯೂ ಟೌನಿಗೆ ಹುಳ ಒಯ್ದದ್ದು

ಶಿವಮೊಗ್ಗದಿಂದ ಭದ್ರಾವತಿಗೆ ಹದಿನೆಂಟು ಕಿಲೋಮೀಟರು. ಪ್ರವಾಸ ಎಂದು ಕರೆಯುವಷ್ಟು ದೂರವಲ್ಲ. ಜನ ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಾರೆ. ಆದರೂ ತೊಂಬತ್ತರ ದಶಕದ ನಡುವೆ ಒಂದು ಭಾನುವಾರ ನಾನು ಆ ಊರಿಗೆ ಹೊರಟಾಗ ಎದೆ ಹೊಡೆದುಕೊಂಡ ಹಾಗೆ ಆಮೇಲೆ ಬದರಿ, ಕೇದಾರಕ್ಕೆ ಹೊರಟಾಗಲೂ ಹೊಡೆದುಕೊಳ್ಳಲಿಲ್ಲ. ತಿಂಗಳು ಜುಲೈ ಎಂದು ನಾನು ಬರೆದರೆ ಗೆಳೆಯ ಚಂದ್ರು ಆಗಸ್ಟ್ ಎನ್ನುತ್ತಾನೆ. ಮಳೆ ಹನಿಯುತ್ತಿತ್ತು ಎಂದು ಅವನು, ಎಳೆಬಿಸಿಲಿತ್ತು ಎಂದು ನಾನು. ಇಬ್ಬರೂ ಪ್ರಮಾಣ ಮಾಡಲು ತಯಾರಿದ್ದೇವೆ. ಹಾಗಾಗಿ ಆ ದಿನದ ಹವೆಯ ಮಾತು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ಚಂದ್ರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ರವೀಂದ್ರನಗರದಲ್ಲಿ ಅವನ ಮನೆ. ತಾರಸಿಯ ಮೇಲೆ ಹಳೆಯ ಸೊಳ್ಳೆಪರದೆ ಕಟ್ಟಿ, ಅದರೊಳಗೆ ಕುಂಡಗಳಲ್ಲಿ ಪಾರ್ಥೇನಿಯಂ ಬೆಳೆಸಿದ್ದ. ಊರೆಲ್ಲ ಕಿತ್ತೆಸೆಯುವ ಗಿಡಕ್ಕೆ ಇವನು ಬೆಳಿಗ್ಗೆ ಎದ್ದು ನೀರು ಹಾಕುವುದನ್ನು ನೋಡಿ ಪಕ್ಕದ ಮನೆಯವರು ಮಾತು ಬಿಟ್ಟಿದ್ದರು. ಗಿಡ ಹುಳಗಳಿಗಾಗಿ. ಬೆಂಗಳೂರಿನ ಸ್ನೇಹಿತರೊಬ್ಬರು ಕೊಟ್ಟ ಒಂದು ಮುಷ್ಟಿ ಮೆಕ್ಸಿಕೋದ ಜೀರುಂಡೆ ಅಲ್ಲಿ ಸಂಸಾರ ಹೂಡಿ ಬೆಳೆದಿತ್ತು. ಅವರೆಕಾಳಿಗಿಂತ ಚಿಕ್ಕದು, ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೀರು, ಯಾರೋ ಪುರುಸೊತ್ತಿನಲ್ಲಿ ಕೂತು ಬ್ರಷ್ಷಿನಿಂದ ಎಳೆದ ಹಾಗೆ. ಗಿಡ ಬಂದದ್ದು ಸಮುದ್ರದಾಚೆಯಿಂದ, ಗೋಧಿಯ ಜೊತೆ ಎನ್ನುತ್ತಾರೆ. ಅದರ ಶತ್ರು ಮಾತ್ರ ಆಗ ಜೊತೆಗೆ ಬಂದಿರಲಿಲ್ಲ. ಈಗ ಕರೆಸಿಕೊಂಡಿದ್ದೇವೆ ಎಂದು ಚಂದ್ರು ಹೇಳುವಾಗ ಬೀಗರನ್ನು ಕರೆಸಿಕೊಂಡವನ ಗತ್ತು ಇರುತ್ತಿತ್ತು.

ಹುಳ ಹೊರಟಿದ್ದು ಸೆಲ್ವರಾಜನ ಮನೆಗೆ. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು; ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲೇ ಹುಟ್ಟಿ, ಅಪ್ಪನ ಹಾಗೆ ಕಬ್ಬಿಣದ ಕಾರ್ಖಾನೆ ಸೇರಿದವನು. ಮನೆಯೆದುರಿನ ವಾಲಿಬಾಲ್ ಮೈದಾನವನ್ನು ಪಾರ್ಥೇನಿಯಂ ನುಂಗಿದ ಮೇಲೆ ಅವನ ಚರ್ಮ ಕೆಟ್ಟಿತು. ರೆಪ್ಪೆ, ಕತ್ತು, ಮೊಣಕೈ ಕಪ್ಪಾಗಿ ದಪ್ಪಗಾಗಿ, ಕೆರೆದಲ್ಲಿ ರಸಿಗೆ. ಮುಲಾಮಿನಿಂದ ಹೋಗುವುದಲ್ಲ, ಈ ಗಿಡವಿಲ್ಲದ ಕಡೆ ಹೋಗಿ ಎಂದರು ಡಾಕ್ಟರು. ಸೇಲಂನಲ್ಲಿ ಹೆಂಡತಿಯ ಅಣ್ಣನ ಅಂಗಡಿ ಇತ್ತು. ಈ ಮಳೆಗಾಲವೂ ಹೀಗೇ ಆದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಅಲ್ಲಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸೆಲ್ವರಾಜನಿಗೆ ಮನಸ್ಸಿರಲಿಲ್ಲ. ಅಲ್ಲಿ ನನ್ನ ತಮಿಳು ಕೇಳಿ ಮಕ್ಕಳೂ ನಗ್ತಾರೆ ಮಾರಾಯ ಎಂದಿದ್ದ. ನಾನು ಚಂದ್ರುವಿನ ಹುಳಗಳ ವಿಷಯ ಹೇಳಿದಾಗ ಅವನ ಊದಿದ ಕಣ್ಣಿನಲ್ಲಿ ಕಂಡ ಆಸೆಯನ್ನು ನೆಚ್ಚಿಕೊಂಡೇ ನಾವು ಹೊರಟದ್ದು.

ಬಿಸ್ಕತ್ತಿನ ದೊಡ್ಡ ಡಬ್ಬಿಗೆ ತೂತು ಹೊಡೆದು, ಬಾಯಿಗೆ ಕೋಟೆ ರಸ್ತೆಯ ಅಂಗಡಿಯಿಂದ ತಂದ ತೆಳು ಮಲ್ಲು ಬಟ್ಟೆ ಕಟ್ಟಿದೆವು. ಪ್ರೈವೇಟ್ ಬಸ್ಸಿನಲ್ಲಿ ಟಿಕೆಟ್ಟು ನಾಲ್ಕೋ ನಾಲ್ಕೂವರೆಯೋ ರೂಪಾಯಿ. ಡಬ್ಬಿಯಲ್ಲಿ ಏನೆಂದು ಕಂಡಕ್ಟರ್ ಕೇಳಿದ. ಹುಳ ಎಂದ ಚಂದ್ರು. ಕಂಡಕ್ಟರ್ ಬಗ್ಗಿ ನೋಡಿ, ಇವಕ್ಕೆ ಅರ್ಧ ಟಿಕೆಟ್ ಹರಿಯಲೋ ಫುಲ್ಲೋ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಅಲ್ಲಿಗೆ ಗುಟ್ಟು ರಟ್ಟಾಯಿತು. ಹಿಂದಿನ ಸೀಟಿನವರು ಎದ್ದು ಬಂದರು. ಹುಳ ಏನು ತಿನ್ನುತ್ತದೆಂದು ತಿಳಿದು ಒಬ್ಬಾಕೆ ಡಬ್ಬಿಗೆ ಕೈಮುಗಿದಳು. ತೋಟದವರಂತೆ ಕಂಡ ಹಿರಿಯರೊಬ್ಬರಿಗೆ ಮಾತ್ರ ಸಮಾಧಾನವಿರಲಿಲ್ಲ.

“ಗಿಡ ಎಲ್ಲಾ ತಿಂದು ಮುಗಿದ್ಮೇಲೆ ಏನ್ ಮಾಡ್ತವೆ ಸ್ವಾಮಿ? ಅಡಿಕೆ ಸಿಂಗಾರಕ್ಕೆ ಬಾಯಿ ಹಾಕಲ್ವ?”

ಆಗ ಈ ಹುಳ ಸೂರ್ಯಕಾಂತಿಯನ್ನೂ ಮೇಯುತ್ತದೆಂಬ ಗುಲ್ಲು ಇತ್ತು. ಪ್ರಶ್ನೆ ತಮಾಷೆಯದಲ್ಲ. ಚಂದ್ರು ಅವರ ಪಕ್ಕಕ್ಕೆ ಹೋಗಿ ಕೂತ. ಹೊರಗಿನ ಜೀವವನ್ನು ತರುವ ಮುಂಚೆ ಎಷ್ಟೋ ಬೆಳೆಗಳ ಮೇಲೆ ಬಿಟ್ಟು ನೋಡುತ್ತಾರೆ, ಅಡಿಕೆಯ ಗೊಡವೆ ಇದಕ್ಕಿಲ್ಲ, ಪಾರ್ಥೇನಿಯಂ ಸಿಗದಿದ್ದರೆ ಹಸಿದು ಸಾಯುವ ಜಾತಿ ಎಂದು ವಿವರಿಸಿದ. ಅವರು ಡಬ್ಬಿಯೊಳಗೆ ಇನ್ನೊಮ್ಮೆ ಬಗ್ಗಿ ನೋಡಿ, ಅಷ್ಟು ಹಟದ ಪ್ರಾಣಿಯಾದರೆ ನಮ್ಮ ಬೀದಿಗೂ ಒಂದು ಡಬ್ಬಿ ಕಳಿಸಿ ಎಂದು ಇಳಿದುಹೋದರು.

ನ್ಯೂ ಟೌನಿನ ರಸ್ತೆಗಳು ಸ್ಕೇಲಿಟ್ಟು ಗೀಚಿದ ಹಾಗಿವೆ. ಸೆಲ್ವರಾಜನ ರಸ್ತೆಯ ಬಾಯಲ್ಲಿ ಒಂದು ಗುಂಪು ಕಾಯುತ್ತಿತ್ತು. ನೆಲಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಒಬ್ಬರು ಡಬ್ಬಿಗೆ ಕುಂಕುಮ ಹಚ್ಚಲು ಬಂದರು. ತೂತು ಮುಚ್ಚಬೇಡಿ ಎಂದು ಚಂದ್ರು ಬೇಡಿಕೊಂಡ. ಕೇಸರಿಬಾತು, ಮೆಣಸಿನಕಾಯಿ ಬೋಂಡ, ಕಾಫಿ. ಕನ್ನಡ, ತಮಿಳು, ತೆಲುಗು ಎಲ್ಲದರಲ್ಲೂ ಸ್ವಾಗತ. ನನಗಂತೂ ಮದುವೆ ದಿಬ್ಬಣದ ಜೊತೆ ಬಂದ ಹಾಗಾಗಿತ್ತು. ಮುಂದಾಳು ರಂಗಪ್ಪ, ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವರು. ನಮ್ಮನ್ನು ಮೈದಾನದ ಕಡೆ ನಡೆಸಿಕೊಂಡು ಹೋಗಿ ಎರಡೂ ಕೈ ಚಾಚಿ ತೋರಿಸಿದರು.

ಮೈದಾನ ಬೋಳಾಗಿತ್ತು. ಒಂದು ಗಿಡವಿಲ್ಲ. ಕೆಂಪು ನೆಲ, ಪೊರಕೆಯ ಗುರುತು, ನಾಲ್ಕು ಮೂಲೆಗೆ ಸುಣ್ಣದ ಪುಡಿ.

“ಕಾಲೇಜ್ ಮೇಷ್ಟ್ರು ಬರ್ತಾರೆ, ಹುಳ ಬಿಡೋ ಜಾಗ ಕೊಂಪೆ ಥರ ಇದ್ರೆ ನಮ್ ರಸ್ತೆ ಮಾನ ಏನಾಗ್ಬೇಕು ಸಾರ್? ನಿನ್ನೆ ಶಿಫ್ಟ್ ಮುಗಿಸ್ಕೊಂಡು ಬಂದೋರೆಲ್ಲ ಕೂತು ಕಿತ್ವಿ,” ಎಂದರು ರಂಗಪ್ಪ.

ಚಂದ್ರು ಡಬ್ಬಿಯನ್ನು ಎದೆಗವಚಿಕೊಂಡ. ನಾನು ನಗಲು ಶುರುಮಾಡಿದೆ, ನಗು ನಿಲ್ಲಲಿಲ್ಲ. ಅತಿಥಿ ಬರುತ್ತಾರೆಂದು ಅಂಗಳ ಗುಡಿಸಿದ್ದರು, ಅತಿಥಿಯ ಊಟವನ್ನೇ ಗುಡಿಸಿಹಾಕಿದ್ದರು. ಹುಳಗಳು ಇನ್ನೇನು ತಿನ್ನಬೇಕು ಎಂದು ಚಂದ್ರು ಮೆಲ್ಲಗೆ ಕೇಳಿದಾಗ ಗುಂಪಿನ ಹಿಂದಿನಿಂದ ಒಬ್ಬ, “ಕೇಸರಿಬಾತ್ ಮಿಕ್ಕಿದೆ ಸಾರ್,” ಎಂದ. ರಂಗಪ್ಪನವರ ಮುಖ ಮಾತ್ರ ಸಣ್ಣಗಾಯಿತು.

ಕಿತ್ತ ಗಿಡವನ್ನು ಏನು ಮಾಡಿದಿರಿ ಎಂಬ ಪ್ರಶ್ನೆಗೆ ಬಂದ ಉತ್ತರ ಇನ್ನೂ ಕೆಟ್ಟದಾಗಿತ್ತು. ಟ್ರ್ಯಾಕ್ಟರಿನಲ್ಲಿ ತುಂಬಿ ಹೊಳೆಯ ದಂಡೆಗೆ ಸುರಿದಿದ್ದರು. ಗಿಡಗಳೆಲ್ಲ ಹೂ ಬಿಟ್ಟು ಬೀಜ ಕಟ್ಟಿದ್ದವು. ಹೊಳೆ ಒಂದು ಮೊಳ ಏರಿದರೆ ನ್ಯೂ ಟೌನಿನ ಪಾರ್ಥೇನಿಯಂ ಕೆಳಗಿನ ಊರುಗಳಿಗೆಲ್ಲ ಉಚಿತವಾಗಿ ಬಟವಾಡೆಯಾಗುತ್ತದೆ ಎಂದ ಚಂದ್ರು. ರಂಗಪ್ಪ ಕಾಫಿ ಲೋಟವನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ಹಾರೆ ಪಿಕಾಸಿ ಸಮೇತ ಹುಡುಗರನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು, ಎಲ್ಲವನ್ನೂ ದಂಡೆಯಿಂದ ದೂರ ಎಳೆದು ಆಳದ ಗುಂಡಿಯಲ್ಲಿ ಹೂಳಲು ಹೊರಟರು. ನಿನ್ನೆ ಕಿತ್ತು ದಣಿದವರು ಇವತ್ತು ಅಗೆಯಲು ಹೋದದ್ದು ಹಬ್ಬಕ್ಕೆ ಹೋದ ಹಾಗೇ ಇತ್ತು, ಕೇಕೆ ಹೊಡೆದುಕೊಂಡು.

ಹುಳಗಳ ಸಮಸ್ಯೆ ಉಳಿಯಿತು. ತಾರಸಿಯ ಕುಂಡದ ಗಿಡಗಳನ್ನು ಅವು ತಿಂದು ಕಡ್ಡಿ ಮಾಡಿಯೇ ಹೊರಟಿದ್ದವು. ವಾಪಸು ಒಯ್ದರೂ ಊಟವಿಲ್ಲ. ರೈಲು ಹಳಿಯ ಪಕ್ಕ ಬೇಕಾದಷ್ಟು ಗಿಡವಿದೆ, ಅಲ್ಲಿ ಬಿಡೋಣ ಎಂದ ಚಂದ್ರು. ಆದರೆ ಅವನೇ ಹೇಳಿದ ಹಾಗೆ, ಈ ಮೈದಾನದ ಮಣ್ಣಿನಲ್ಲಿ ಬೀಜ ತುಂಬಿಕೊಂಡಿದೆ, ಎರಡು ಮಳೆಗೆ ಮತ್ತೆ ಮೊಳೆಯುತ್ತದೆ. ಆಗ ಹುಳ ಇಲ್ಲೇ ಇದ್ದರೆ ಎಳೆಯದರಲ್ಲೇ ಮೇಯುತ್ತದೆ. ಹಳಿಯ ಪಕ್ಕದಿಂದ ಇಲ್ಲಿಗೆ ಬರುವುದು ಯಾವಾಗಲೋ, ಈ ವರ್ಷವಂತೂ ಅಲ್ಲ.

ಸೆಲ್ವರಾಜನ ಹೆಂಡತಿ ಧನಲಕ್ಷ್ಮಿ ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ನಮ್ ಮನೆ ಹಿಂದೆ ಇದೆ ಅಣ್ಣ,” ಎಂದರು. ನಿನ್ನೆ ಕೀಳುವವರು ಅಲ್ಲಿಗೂ ಬಂದಿದ್ದರಂತೆ. ಗಿಡ ಅಲ್ಲಾಡಿದರೆ ಹೂವಿನ ಧೂಳು ಒಳಗೆ ನುಗ್ಗುತ್ತದೆಂದು ಇವರೇ ತಡೆದಿದ್ದರು. ಹೋಗಿ ನೋಡಿದೆವು. ಇಡೀ ರಸ್ತೆಯಲ್ಲಿ ಉಳಿದಿದ್ದ ಪಾರ್ಥೇನಿಯಂ ಒಂದೇ ಒಂದು ಪಟ್ಟೆ, ಸೊಂಟದೆತ್ತರ, ಸೆಲ್ವರಾಜ ಮಲಗುವ ಕೋಣೆಯ ಕಿಟಕಿಗೆ ಒರಗಿಕೊಂಡಿತ್ತು.

ಚಂದ್ರು ತಲೆಯಾಡಿಸಿದ. ಇಲ್ಲಿ ಹುಳ ಬಿಟ್ಟರೆ ವಾರಗಟ್ಟಲೆ ಈ ಗಿಡ ಕೀಳುವ ಹಾಗಿಲ್ಲ. ಕಾಯಿಲೆಯವನ ಮೂಗಿನ ಕೆಳಗೆ ಅದನ್ನು ಸಾಕುವುದು ಹೇಗೆ? ಕಿಟಕಿಯ ಗಾಜಿನ ಹಿಂದೆ ಸೆಲ್ವರಾಜ ಕಾಣಿಸಿದ, ತಲೆಗೆ ಹೆಂಡತಿಯ ಹಳೆ ಸೀರೆ ಸುತ್ತಿಕೊಂಡು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಹಳಿ ಪಕ್ಕ ಬಿಡಕ್ಕೆ ಹೋಗ್ತೀರಾದ್ರೆ ನಂಗೂ ಒಂದು ಸೇಲಂ ಟಿಕೆಟ್ ತಗೊಂಡ್ಬಿಡಿ ಮಾರಾಯ. ಇಷ್ಟು ವರ್ಷ ಕೆರ್ಕೊಂಡಿದೀನಿ, ಇನ್ನೊಂದಿಷ್ಟು ದಿನ ಕೆರ್ಕೋತೀನಿ. ಬಿಡಿ ಇಲ್ಲೇ.”

ಚಂದ್ರು ನನ್ನನ್ನು ನೋಡಿದ, ನಾನು ಧನಲಕ್ಷ್ಮಿಯವರನ್ನು. ಅವರು ಗಂಡನನ್ನು ನೋಡಲಿಲ್ಲ. ಒಳಗೆ ಹೋಗಿ ಕತ್ತರಿ ತಂದರು.

ಆಮೇಲಿನ ಒಂದು ಗಂಟೆ ನನ್ನ ನೆನಪಿನಲ್ಲಿ ಚೂರುಚೂರಾಗಿದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಲಾರೆ. ಅಕ್ಕಪಕ್ಕದ ಹೆಂಗಸರೆಲ್ಲ ಮೂಗಿಗೆ ಸೆರಗು ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಂದರು. ಪರಾಗ ಹಾರದಂತೆ ಬಿಂದಿಗೆಗಳಿಂದ ಗಿಡಗಳನ್ನು ತೋಯಿಸಿದರು. ಎಲೆಗೆ ಪೆಟ್ಟಾಗದಂತೆ ಬಿಳಿ ಹೂಗಳನ್ನಷ್ಟೇ ಕತ್ತರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿದರು. ಮಲ್ಲಿಗೆ ಬಿಡಿಸಿದಷ್ಟು ನಾಜೂಕು. ನಾನು ಬಕೆಟ್ ಹಿಡಿದಿದ್ದೆ. ಎಲೆಯೂ ಮೈಗೆ ಆಗುವುದಿಲ್ಲ, ಕಿಟಕಿ ತೆಗೆಯಬೇಡಿ ಎಂದು ಚಂದ್ರು ಸಾರಿ ಸಾರಿ ಹೇಳುತ್ತಿದ್ದ. ಕೊನೆಗೆ ಮಲ್ಲು ಬಿಚ್ಚಿ ಡಬ್ಬಿಯನ್ನು ಗಿಡಗಳ ನಡುವೆ ವಾಲಿಸಿದ.

ಮೊದಲು ಒಂದೂ ಅಲುಗಲಿಲ್ಲ. ಆಮೇಲೆ ಒಂದು, ಹಿಂದೆ ಇನ್ನೊಂದು, ಆಮೇಲೆ ಸಾಲು. ಕಾಂಡ ಹತ್ತಿದವು, ಎಲೆಯ ಅಂಚು ಹಿಡಿದವು. ನಾವು ಬಗ್ಗಿ ನೋಡುತ್ತಿದ್ದಂತೆಯೇ ಹಸಿರು ಅಂಚಿನಲ್ಲಿ ಕಚ್ಚಿದ ಗುರುತು ಮೂಡಿತು. ಹೆಂಗಸರು ಮಗುವಿಗೆ ಹಲ್ಲು ಬಂದದ್ದನ್ನು ನೋಡುವ ಹಾಗೆ ಒಬ್ಬರ ಹೆಗಲ ಮೇಲೊಬ್ಬರು ಮುಗಿಬಿದ್ದರು. ಗಾಜಿನ ಆ ಕಡೆ ಸೆಲ್ವರಾಜ ಮೂಗು ಒತ್ತಿ ನಿಂತಿದ್ದ. ನಿಮ್ಮಣ್ಣನಿಗೆ ಅಂಗಡಿಗೆ ಬೇರೆ ಆಳು ನೋಡ್ಕೊಳ್ಳೋಕೆ ಹೇಳು ಎಂದು ಹೆಂಡತಿಗೆ ಕೂಗಿ ಹೇಳಿದ. ಮೊದಲು ಮೈ ವಾಸಿಯಾಗಲಿ ಎಂದರು ಅವರು, ಕತ್ತರಿ ತೊಳೆಯುತ್ತ.

ಸಂಜೆಯ ಬಸ್ಸಿಗೆ ನಾವು ಗೇಟು ದಾಟುವಾಗ ಟ್ರ್ಯಾಕ್ಟರು ವಾಪಸು ಬಂತು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ರಂಗಪ್ಪ ಇಳಿದು, ಏನಾಯಿತೆಂದು ನೋಡಲು ಸೀದಾ ಮನೆಯ ಹಿಂದಕ್ಕೆ ಹೋದರು, ಬೆನ್ನಿಗೇ ನಾವೂ. ನಿನ್ನೆಯಿಂದ ಕೈಗೆ ಅಂಟಿದ ಚಟವೋ ಏನೋ, ಕಂಡ ಗಿಡದ ಬುಡಕ್ಕೆ ಕೈಹಾಕಿದರು. ಗಾಜಿನ ಮೇಲೆ ದಬದಬ ಬಡಿಯುವ ಸದ್ದಾಯಿತು. ಕಿಟಕಿಯತ್ತ ನೋಡಿದೆ. ಸೀರೆ ಸುತ್ತಿದ ತಲೆ, ಊದಿದ ಮುಖ, ಒಳಗಿಂದ ಅರಚುತ್ತಿದ್ದ ನನ್ನ ಗೆಳೆಯ.

“ರಂಗಣ್ಣ, ಕೈ ತೆಗಿ. ನನ್ನ ಗಿಡ ಮುಟ್ಟಿದ್ರೆ ನೋಡು.”

ರಂಗಪ್ಪ ಕೈ ಹಿಂದಕ್ಕೆಳೆದುಕೊಂಡು, ಗಿಡದಿಂದ ಎರಡು ಹೆಜ್ಜೆ ದೂರ ನಿಂತರು.