ಅತ್ತರದಾನಿಯ ಮುತ್ತಿನ ಗೊಂಡೆಗಳು

ಸವಣೂರಿನ ಪೇಟೆಯಲ್ಲಿ ತಸ್ಲೀಮಾ ಪಟವೇಗಾರ ಅವರ ಅಂಗಡಿ ಎಂದರೆ ಮನೆಯ ಮುಂದಿನ ಕಟ್ಟೆ, ಒಂದು ಚಾಪೆ, ಗೋಡೆಗೆ ತೂಗುಬಿಟ್ಟ ರೇಷ್ಮೆ ದಾರದ ಲಡಿಗಳು, ಅಷ್ಟೇ. ತಾಳಿಯಾಗಲಿ, ಗುಂಡಿನ ಸರವಾಗಲಿ, ದಾರ ಸವೆಯಿತೆಂದರೆ ಊರಿನ ಹೆಂಗಸರು ಅಲ್ಲಿಗೇ ಬರುತ್ತಾರೆ. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಗೆ ಮಣಿ ಪೋಣಿಸುತ್ತ ತಸ್ಲೀಮಾ ಮೂವತ್ತೆರಡು ವರ್ಷ ಕಳೆದಿದ್ದಾರೆ. ಕೆಲಸ ಕಲಿಸಿದವರು ತಾಯಿ.

ಕಳೆದ ಶ್ರಾವಣದಲ್ಲಿ ಮನೋರಮಾಬಾಯಿ ಬಂದರು. ಶಿಗ್ಗಾಂವದ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಹಳೆಯ ಗಿರಾಕಿ. ಅಂದು ಅವರು ಸರ ತಂದಿರಲಿಲ್ಲ.

"ಹುಬ್ಬಳ್ಳಿಯೊಳಗ ರಾಜಮನೆತನದವರ ಹಳೇ ಸಾಮಾನಿನ ಪ್ರದರ್ಶನ ಇಡ್ಲಿಕ್ಕೆ ಹತ್ತೇವಿ. ಅದರಾಗ ಒಂದು ಅತ್ತರದಾನಿ ಅದ. ದಾರ ಕೊಳೆತು ಮುತ್ತು ಉದುರ್ಯಾವ. ನೀವು ಬಂದು ನೋಡ್ತೀರೇನು?"

"ನಾನಾ? ಅಂಥಾದ್ದಕ್ಕ ದೊಡ್ಡ ಮಂದಿ ಇರ್ತಾರಲ್ರಿ ಬಾಯಾರ."

"ಬಂದಿದ್ರು. ನೈಲಾನ್ ದಾರ ಹಾಕ್ತೇವಿ ಅಂದ್ರು. ನನ್ನ ಮನಸ್ಸು ಒಪ್ಪಲಿಲ್ಲ."

ತಸ್ಲೀಮಾರ ಮನಸ್ಸೂ ಒಪ್ಪಲಿಲ್ಲ. ಮರುದಿನವೇ ಗಂಡ ಅತೀಕರಿಗೆ ಹೇಳಿ, ಎರಡು ಲಡಿ ದಾರ ಚೀಲಕ್ಕೆ ಹಾಕಿಕೊಂಡು ಬಾಯಿಯವರ ಜೊತೆ ಬಸ್ಸು ಹತ್ತಿದರು.

ಹುಬ್ಬಳ್ಳಿಯಲ್ಲಿ ಅತ್ತರದಾನಿಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟಿದ್ದರು. ಅಂಗೈಗಿಂತ ತುಸು ದೊಡ್ಡದಾದ ಬಂಗಾರದ ಗಿಳಿ. ರೆಕ್ಕೆಯ ಒಂದೊಂದು ಗರಿಗೂ ಒಂದೊಂದು ಪಚ್ಚೆ, ಕೊಕ್ಕಿಗೆ ಕೆಂಪು, ಕೊರಳಿಗೆ ಸಾಸಿವೆಯಷ್ಟು ವಜ್ರಗಳ ಗೆರೆ. ತಲೆಯನ್ನು ಹಿಂದಕ್ಕೆ ಮಡಚಿದರೆ ಒಳಗೆ ಅತ್ತರು ತುಂಬುವ ಬಟ್ಟಲು. ಗಿಳಿ ಕೂತ ಪೀಠದ ಸುತ್ತ ದ್ರಾಕ್ಷಿ ಗೊನೆಯಂಥ ಮುತ್ತಿನ ಗೊಂಡೆಗಳು, ಒಟ್ಟು ಎಂಟು. ಐದು ಗಟ್ಟಿಯಾಗಿದ್ದವು. ಮೂರರ ಮುತ್ತುಗಳು ಡಬ್ಬಿಯಲ್ಲಿದ್ದವು. ಯಾವುದೋ ಸಣ್ಣ ಸಂಸ್ಥಾನದ ರಾಣಿಗಾಗಿ ಮಾಡಿಸಿದ್ದಂತೆ. ಮನೆತನದ ಹೆಸರು ಹೊರಗೆ ಹೇಳಬಾರದೆಂಬುದು ಈಗಿನ ವಾರಸುದಾರರ ಶರತ್ತು.

ಮನೋರಮಾಬಾಯಿ ಕೈಗವಸು ಹಾಕಿಕೊಂಡು ಗಿಳಿಯನ್ನು ಮೆಲ್ಲಗೆ ಮಗುಚಿದರು. ಹೊಟ್ಟೆಯ ಕೆಳಗೆ ಬಣ್ಣದ ಮೀನಾ ಕೆಲಸದ ಪುಟ್ಟ ಪುಟ್ಟ ಹೂಗಳು, ಪ್ರತಿ ಹೂವಿಗೂ ಐದೈದು ಎಸಳು.

"ಇದನ್ನ ಯಾರ ನೋಡ್ತಾರ್ರಿ? ಇಟ್ಟಮ್ಯಾಲ ಕಾಣೂದಿಲ್ಲಲ್ಲ!" ಎಂದರು ತಸ್ಲೀಮಾ.

"ಯಾರೂ ನೋಡೂದಿಲ್ಲ."

"ಮಾಡಿದಾಂವ ನೋಡ್ಯಾನ ಬಿಡ್ರಿ," ಎಂದು ತಸ್ಲೀಮಾ ನಕ್ಕರು. ಆಮೇಲೆ ತಾವೂ ಬಗ್ಗಿ ಇನ್ನಷ್ಟು ಹೊತ್ತು ನೋಡಿದರು.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಮುತ್ತಿನ ತೂತುಗಳು ಎಷ್ಟು ಸಣ್ಣವೆಂದರೆ ಯಾವ ಸೂಜಿಯೂ ಹೋಗಲಿಲ್ಲ. ತಸ್ಲೀಮಾ ಸೂಜಿ ಬದಿಗಿಟ್ಟು, ರೇಷ್ಮೆ ಎಳೆಯ ತುದಿಗೆ ಅಂಟು ಸವರಿ, ಹೊಸೆದು, ಒಣಗಿಸಿ ಮುಳ್ಳಿನಂತೆ ಮಾಡಿಕೊಂಡರು. ಗಟ್ಟಿಯಾಗಿದ್ದ ಗೊಂಡೆಯನ್ನು ಭೂತಗನ್ನಡಿಯಲ್ಲಿ ನೋಡಿ ನೋಡಿ ಮುತ್ತುಗಳ ಸಾಲು ಲೆಕ್ಕ ಹಾಕಿದರು. ಮೇಲೆ ಅಕ್ಕಿ ನುಚ್ಚಿನಷ್ಟು, ನಡುವೆ ಜೋಳದಷ್ಟು, ಕೆಳಗೆ ಮತ್ತೆ ನುಚ್ಚಿನಷ್ಟು. ಗೊಂಡೆಯ ಕುತ್ತಿಗೆಯಲ್ಲಿದ್ದ ಗಂಟು ಕಂಡೊಡನೆ ಅವರ ಕಣ್ಣರಳಿತು.

"ಬಾಯಾರ, ಈ ಗಂಟು ನಮ್ಮವ್ವ ಹಾಕ್ತಿದ್ಲು! ಮೂರು ಸುತ್ತು ಸುತ್ತಿ ಒಳಗಿಂದ ಎಳಿಯೂದು. ನಂಗೂ ಬರತೈತಿ."

ನಾಲ್ಕು ದಿನ ಹೋಗಿ ಬಂದು ಮಾಡಿದರು. ಮೂರನೆಯ ಗೊಂಡೆ ಮುಗಿದು, ಎಲ್ಲರೂ ಚಹಾ ಕುಡಿಯುವ ಹೊತ್ತಿಗೆ, ತಸ್ಲೀಮಾ ಅದನ್ನು ದಿಟ್ಟಿಸಿ ಕತ್ತರಿ ತೆಗೆದುಕೊಂಡರು. ಒಂದು ಸಾಲಿನಲ್ಲಿ ಎರಡು ಮುತ್ತು ಹಿಂದುಮುಂದಾಗಿದ್ದವು.

"ಅಯ್ಯ, ಇರ್ಲಿ ಬಿಡ್ರಿ, ಯಾರಿಗೆ ಗೊತ್ತಾಗ್ತದ?" ಎಂದು ಮನೋರಮಾಬಾಯಿ ಗಾಬರಿಯಾದರು.

"ಬಾಜೂಕ ಆಗಿನವರು ಮಾಡಿದ್ದು ಐತೆಲ್ರಿ. ಅದರ ಮುಂದ ನನ್ನದು ತಪ್ಪು ಕಾಣ್ತೈತಿ."

ಬಿಚ್ಚಿ ಮತ್ತೆ ಪೋಣಿಸಿದರು. ಆ ದಿನ ಊರಿಗೆ ಬಂದಾಗ ಕಣ್ಣು ಕೆಂಪಗಾಗಿದ್ದವು, ಆದರೆ ಊಟಕ್ಕೆ ಕೂತು ಅತೀಕರಿಗೆ ಹೇಳಿದ್ದೆಲ್ಲ ಗಿಳಿಯ ಮಾತೇ.

ಪ್ರದರ್ಶನದ ಮೊದಲ ದಿನ ಗಂಡ ಹೆಂಡತಿ ಇಬ್ಬರೂ ಹೋದರು. ಗಾಜಿನೊಳಗೆ, ಬೆಳಕಿನಲ್ಲಿ, ಗಿಳಿ ಈಗ ಹಾರೀತೇನೋ ಎಂಬಂತೆ ಕೂತಿತ್ತು. ಸುತ್ತಲಿನವರು ಎಷ್ಟು ಕೋಟಿ ಬಾಳುತ್ತದೆಂದು ಮಾತಾಡುತ್ತಿದ್ದರು. ಎಂಟು ಗೊಂಡೆಗಳಲ್ಲಿ ಹೊಸವು ಯಾವುವೆಂದು ಅತೀಕರಿಗೆ ಹುಡುಕಲಾಗಲಿಲ್ಲ. ತಸ್ಲೀಮಾ ಕೆಳಗಿದ್ದ ಕಾರ್ಡು ಓದಿದರು: ಒಬ್ಬ ರಾಣಿಗಾಗಿ ಮಾಡಿದ್ದು, ಯಾವ ಕಾಲದ್ದು, ಯಾವ ಹರಳುಗಳು.

"ಮಾಡಿದವರ ಹೆಸರು ಇಲ್ಲಲ್ರಿ ಬಾಯಾರ?" ಎಂದು ಪಕ್ಕದಲ್ಲಿದ್ದ ಮನೋರಮಾಬಾಯಿಯವರನ್ನು ಕೇಳಿದರು.

"ಕಾಗದಪತ್ರದಾಗ ಎಲ್ಲೂ ಸಿಗಲಿಲ್ಲ. ಎಲ್ಲಾ ಹುಡುಕಿದೆ."

"ಹಂಗಾರ ಗೊತ್ತಿಲ್ಲಂತ ಬರೀರಿ. ಬರೀಲಿಲ್ಲಂದ್ರ ಯಾರೂ ಮಾಡೇ ಇಲ್ಲ ಅನಸ್ತೈತಿ."

ಮನೋರಮಾಬಾಯಿ ಚೀಲದಿಂದ ಪೆನ್ನು ತೆಗೆದು ಆ ಮಾತನ್ನು ಬರೆದುಕೊಂಡರು. ಮೂರು ದಿನದಲ್ಲಿ ಹೊಸ ಕಾರ್ಡು ಬಂತು. ಕೊನೆಗೆ ಎರಡು ಸಾಲು ಕೂಡಿದ್ದವು: ಇದನ್ನು ಮಾಡಿದ ಅಕ್ಕಸಾಲಿಗರ, ಹರಳು ಕೂರಿಸಿದವರ, ಮುತ್ತು ಪೋಣಿಸಿದವರ ಹೆಸರು ತಿಳಿದಿಲ್ಲ. ಮೂರು ಗೊಂಡೆಗಳನ್ನು ಈಗ ಪೋಣಿಸಿದವರು ತಸ್ಲೀಮಾ ಪಟವೇಗಾರ, ಸವಣೂರು. ಎರಡನೆಯ ಸಾಲು ಬೇಕೆಂದು ತಸ್ಲೀಮಾ ಕೇಳಿರಲಿಲ್ಲ. ಮುಂದಿನ ಸಲ ಹೋದಾಗ ಅದನ್ನು ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪ್ರದರ್ಶನವಿದ್ದ ಹನ್ನೆರಡು ದಿನಗಳಲ್ಲಿ ಅವರು ನಾಲ್ಕು ಸಲ ಹೋದರು. ನಾಲ್ಕನೆಯ ಸಲ ಕಾವಲುಗಾರ ಅವರನ್ನು ಗುರುತಿಸಿ, ತನ್ನ ಕುರ್ಚಿಯನ್ನೇ ತಂದು ಗಾಜಿನ ಮುಂದೆ ಹಾಕಿ, "ಕುಂತ್ಕೊಂಡು ನೋಡ್ರಿ ಅಮ್ಮಾರ" ಎಂದ. ಬಾಗಿಲು ಹಾಕುವವರೆಗೂ ತಸ್ಲೀಮಾ ಕೂತು ನೋಡಿದರು.